ನದಿಗೆ ಬಿಟ್ಟ ಬಟ್ಟೆ

ದೋಣಿಯವನು ಬೆಳಿಗ್ಗೆ ಹೊರಟನೆಂದರೆ ಬುತ್ತಿ ಮರೆತಾನು, ಹೆಂಡತಿಯ ಹಳೆಯ ಕತ್ತರಿ ಮರೆಯುತ್ತಿರಲಿಲ್ಲ. ದೋಣಿಯ ಮೋಟಾರಿನ ರೆಕ್ಕೆಗೆ ದಿನವೂ ಬಟ್ಟೆ ಸುತ್ತಿಕೊಳ್ಳುತ್ತಿತ್ತು. ನೀರಿಗಿಳಿದು ಕತ್ತರಿಸಿ ಬಿಡಿಸಬೇಕಿತ್ತು.

"ನಮ್ಮ ನದೀಲಿ ಮೀನಿಗಿಂತ ಸೀರೆಗಳೇ ಜಾಸ್ತಿ ಕಣೇ. ಮೀನುಗಳ ಮನೇಲಿ ದಿನಾ ಮದುವೆ ಇರಬೇಕು" ಎನ್ನುತ್ತಿದ್ದ. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ ನಗುತ್ತಿದ್ದಳು.

ಊರಿಗೆಲ್ಲ ಆ ನದಿ ತಾಯಿ. ಸತ್ತವರ ಬಟ್ಟೆಬರೆ ಗಂಟು ಕಟ್ಟಿ ಅವಳ ಮಡಿಲಿಗೆ ಹಾಕಿದರೆ ಹೋದವರ ಋಣ ಹರಿಯುತ್ತದೆಂಬ ನಂಬಿಕೆ. ಹೋದ ವರ್ಷ ದೋಣಿಯವನ ತಾಯಿ ತೀರಿಕೊಂಡಾಗ ಅವನು, "ಅಮ್ಮನ ಸೀರೆ ಯಾರಾದ್ರೂ ಉಡಲಿ, ನೀರಿಗೆ ಬೇಡ" ಎಂದಿದ್ದ. ಅವನ ಅಣ್ಣ ಕೇಳಬೇಕಲ್ಲ.

"ಅಜ್ಜನ ಕಾಲದಿಂದ ಬಂದದ್ದು. ತಾಯಿಗೆ ಮಕ್ಕಳ ಹೊರೆ ಭಾರವೇನೋ?" ಎಂದು ತಮ್ಮನ ಬಾಯಿ ಮುಚ್ಚಿಸಿದರು. ಮನೆಯಲ್ಲಿ ಜಗಳ ಬೇಡವೆಂದು ದೋಣಿಯವನ ಹೆಂಡತಿ ತೆಪ್ಪಗೆ ಆ ಗಂಟನ್ನು ನೀರಿಗೆ ನೂಕಿ ಬಂದಳು.

ಈ ವರ್ಷ ಒಂದು ಮಧ್ಯಾಹ್ನ ನಡುನೀರಿನಲ್ಲಿ ಮೋಟಾರು ನಿಂತಿತು. ದೋಣಿಯವನು ಕತ್ತರಿ ಹಿಡಿದು ಧುಮುಕಿದ. ಈಜು ಅವನಿಗೆ ನಡಿಗೆಯಷ್ಟೇ ಸಲೀಸು. ಆದರೆ ಮೇಲೆ ಬರಲಿಲ್ಲ. ಎತ್ತಿ ತಂದಾಗ ಎರಡೂ ಕಾಲಿಗೆ ಒಂದು ಸೀರೆ ಬಿಗಿದಿತ್ತು. ಕೆಸರಿನಲ್ಲಿ ನೆನೆದು ಅದರ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅತ್ತೆಯ ಸೀರೆಗೆ ತಾನು ಹಾಕಿದ್ದ ಹೊಲಿಗೆ ಕಾಣಲಿಲ್ಲ. ಆದರೇನು, ಅವಳೂ ಒಂದು ಗಂಟು ಬಿಟ್ಟವಳೇ.

ಕರ್ಮಗಳೆಲ್ಲ ಮುಗಿದ ದಿನ ಭಾವ ತಮ್ಮನ ಬಟ್ಟೆಯ ಗಂಟು ತಂದು ಅವಳ ಮುಂದಿಟ್ಟರು.

"ನಡಿಯಮ್ಮ, ಬಿಟ್ಟು ಬರೋಣ."

"ನಾನು ಬಿಡಲ್ಲ ಭಾವ."

"ಅವನಿಗೆ ಸದ್ಗತಿ ಬೇಡ್ವಾ?"

"ಬೇಕು. ನೀವು ತಾಯಿ ಅಂತೀರಿ, ನಾನೂ ತಾಯಿ ಅಂತೀನಿ. ಅತ್ತೆ ಹಾಸಿಗೆ ಹಿಡಿದಾಗ ದಿನಾ ಮೈ ಒರೆಸಿದ್ವಿ. ಈ ತಾಯಿ ಮೈಮೇಲೆ ಮಾತ್ರ ಕಸ ಹೇರ್ತೀವಲ್ಲ, ಇದು ಯಾವ ಭಕ್ತಿ?"

ಭಾವ, ಕರ್ಮ ಮಾಡಿಸಿ ಹೊರಟಿದ್ದ ಪುರೋಹಿತರ ಮುಖ ನೋಡಿದರು. ಅವರು ತಲೆ ತಗ್ಗಿಸಿ, "ನಾನು ಓದಿದ್ರಲ್ಲಿ ಬಟ್ಟೆ ಬಿಡೋ ಮಾತು ಎಲ್ಲೂ ಇಲ್ಲಪ್ಪ. ಹಿಂದಿನವರು ಮಾಡ್ತಿದ್ರು ಅಂತ ಸುಮ್ಮನಿದ್ದೆ" ಎಂದರು. ಈ ಮಾತನ್ನು ಒಂದು ವರ್ಷ ಮೊದಲೇ ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅವಳು ಗಂಟು ಹೊತ್ತು ನದಿಯ ಮೆಟ್ಟಿಲಿಳಿದಳು. ಮನಸ್ಸು ಬದಲಾಯಿತೆಂದುಕೊಂಡು ಭಾವ ಹಿಂದೆಯೇ ಹೋದರು. ಅವಳು ಕೈಮುಗಿದು, ಬೊಗಸೆ ನೀರನ್ನು ತಲೆಗೂ ಬಟ್ಟೆಗಳಿಗೂ ಚಿಮುಕಿಸಿದಳು.

"ತಾಯಿಗೆ ತೋರಿಸಿ ಆಯ್ತು. ಇನ್ನು ಬೇಕಾದವರು ತೊಟ್ಕೊಳ್ಳಲಿ" ಎಂದು ಒಂದು ಅಂಗಿ ತೆಗೆದು ಕೊಟ್ಟಳು. "ನಿಮಗೆ ಸರಿಯಾಗುತ್ತೆ. ನಾನೇ ಹೊಲಿದದ್ದು."

ಭಾವ ಅಂಗಿ ತೆಗೆದುಕೊಂಡರು. ಅವಳು ಗಂಟನ್ನು ಮೇಲಿಟ್ಟು, ಕೆಳಗಿನ ಮೆಟ್ಟಿಲಿಗೆ ಸಿಕ್ಕಿಕೊಂಡಿದ್ದ ಯಾರದೋ ಸೀರೆಯನ್ನು ಎಳೆಯತೊಡಗಿದಳು. ಕೆಸರು ತುಂಬಿದ ಸೀರೆ, ಒಬ್ಬರ ಕೈಗೆ ಬಗ್ಗುವ ಭಾರವಲ್ಲ. ಭಾವ ತಮ್ಮನ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು, ನೀರಿಗಿಳಿದು, ಇನ್ನೊಂದು ತುದಿ ಹಿಡಿದರು.