ಮಾವನ ತಲೆಯ ಮೇಲಿನ ಚಮಚ

ಪ್ರತ್ಯಕ್ಷವಾಗಿ ಕಾಣದಿದ್ದರೂ ಪಟ್ಟನೆ ಕಳಿಸಿ ನೋಡು ಎಂಬುದು ಗಾದೆ. ಹಿರಿಯರು ಹೇಳಿದ್ದು ಬೇರೆ ಏನೋ, ಫೋನು ಬಂದ ಮೇಲೆ ಹೀಗಾಗಿದೆ. ಈ ಕಥೆ ಮಾತ್ರ ಅಪ್ಪಟ ನಿಜ. ಚಮಚ ಇನ್ನೂ ಅಡುಗೆಮನೆಯಲ್ಲಿದೆ, ಹಿಡಿ ಕೊಂಚ ಸೊಟ್ಟಗಾಗಿದೆ.

ಲಿಫ್ಟ್ ಮಾವ ರಕ್ತದೊತ್ತಡದ ಮಾತ್ರೆ ಬಿಟ್ಟಿದ್ದರು. ಬದುಕಿಡೀ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು, ಹಾಗಾಗಿ ಬೀದಿಗೆಲ್ಲ ಅವರು ಲಿಫ್ಟ್ ಮಾವ. ಮಾತ್ರೆ ತಿಂದರೆ ರಕ್ತ ನೀರಾಗುತ್ತದೆ ಎಂದು ಫೋನಿಗೆ ಸುದ್ದಿ ಬಂದಿತ್ತು. ಒಂದು ಬೆಳಿಗ್ಗೆ ಅವರು ಮೆಟ್ಟಿಲ ನಡುವೆ ಗೋಡೆ ಹಿಡಿದು ಕಣ್ಣು ಮುಚ್ಚಿ ನಿಂತಿದ್ದನ್ನು ಸೊಸೆ ಕಂಡಳು.

"ಏನಾಯ್ತು ಮಾವ?"

"ಏನಿಲ್ಲಮ್ಮ. ಮೆಟ್ಟಿಲು ಸ್ವಲ್ಪ ಅಲುಗಾಡ್ತು."

ಮೆಟ್ಟಿಲು ಕಲ್ಲಿನದು.

ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಾವ ಒಪ್ಪಲಿಲ್ಲ. "ಡಾಕ್ಟರು ಒಬ್ಬರು. ನನಗೆ ಮೂರು ಜನ ಹೇಳಿದಾರೆ. ನನ್ನ ತಂಗಿ, ನಿಮ್ಮಪ್ಪ, ಕಟಿಂಗ್ ಅಂಗಡಿಯವನು. ಮೂರು ಕಡೆಯಿಂದ ಸರಿ ಅಂದ್ಮೇಲೆ ಮುಗೀತು."

ಈ ಮೂರರ ಲೆಕ್ಕ ಲಿಫ್ಟಿನದು. ಮೇಲೆ ಯಂತ್ರದ ಕೋಣೆಯಿಂದ ಒಬ್ಬ, ಲಿಫ್ಟಿನ ನೆತ್ತಿಯಿಂದ ಒಬ್ಬ, ತಳದಿಂದ ಒಬ್ಬ "ಸರಿ" ಎಂದು ಕೂಗಿದ ಮೇಲೆಯೇ ಜನರನ್ನು ಹತ್ತಿಸುವುದು. ಒಮ್ಮೆ ಮೇಲಿನವನ ಒಂದೇ "ಸರಿ" ಲಿಫ್ಟು ಓಡಾಡುವ ಬಾವಿಯಂಥ ಸಂದಿನಲ್ಲಿ ಮಾರ್ದನಿಗೊಂಡು ಮೂರಾಗಿ ಕೇಳಿಸಿತಂತೆ. ಮೇಸ್ತ್ರಿ ಸ್ವಿಚ್ ಒತ್ತಿದ, ಲಿಫ್ಟು ಕಟ್ಟಡದ ಮಾಲೀಕರನ್ನು ಹೊತ್ತು ಎರಡು ಮಹಡಿಗಳ ನಡುವೆ ತ್ರಿಶಂಕುವಾಯಿತು. ಅಂದಿನಿಂದ ಬರೀ "ಸರಿ" ನಡೆಯುತ್ತಿರಲಿಲ್ಲ. "ಹಗ್ಗ ನೋಡಿದೆ, ಸರಿ", "ಬ್ರೇಕು ನೋಡಿದೆ, ಸರಿ" ಎಂದು ಕೂಗಬೇಕು. ಊಟಕ್ಕೆ ಕೂತಾಗಲೆಲ್ಲ ಮಾವ ಇದನ್ನು ಹೇಳುತ್ತಿದ್ದರು. ಸೊಸೆಗೆ ಅದು ಕೆಮ್ಮಿನ ಸಮೇತ ಬಾಯಿಪಾಠ.

ಅವಳ ಕೆಲಸವೇ ಬಾಯಿಯದು. ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ "ದಯವಿಟ್ಟು ಗಮನಿಸಿ" ಎನ್ನುವವಳು ಅವಳೇ. ಯಾರ ದನಿಯನ್ನಾದರೂ ಅನುಕರಿಸುತ್ತಿದ್ದಳು. ಆ ಮಧ್ಯಾಹ್ನ, ಬಸ್ಸುಗಳ ನಡುವಿನ ಬಿಡುವಿನಲ್ಲಿ, ಗಂಟಲು ದಪ್ಪ ಮಾಡಿಕೊಂಡು ಫೋನಿನಲ್ಲಿ ಹೀಗೆ ಮುದ್ರಿಸಿದಳು:

"ನಾನು ನಿವೃತ್ತ ನರತಜ್ಞ ಮಾತಾಡ್ತಿದೀನಿ. ಇದನ್ನ ನಿಮಗೆ ಯಾವ ಡಾಕ್ಟರೂ ಹೇಳೋದಿಲ್ಲ. ತಲೆಗೇರಿದ ರಕ್ತವನ್ನ ಸ್ಟೀಲ್ ಚಮಚ ಕೆಳಕ್ಕಿಳಿಸುತ್ತೆ. ಪೇಪರ್ ಓದುವಾಗ ನೆತ್ತಿ ಮೇಲೊಂದು ಚಮಚ ಬೋರಲು ಇಟ್ಕೊಳ್ಳಿ. ಪ್ಲಾಸ್ಟಿಕ್ ಆಗೋದಿಲ್ಲ. ನಿಮ್ಮವರ ಮೇಲೆ ಪ್ರೀತಿ ಇದ್ದರೆ ಎಲ್ಲರಿಗೂ ಕಳಿಸಿ."

ಅದನ್ನು ಮಾವನ ತಂಗಿಗೆ, ಅವರೊಬ್ಬರಿಗೇ, ಕಳಿಸಿದಳು.

ಮರುದಿನ ಕೆಲಸ ಮುಗಿಸಿ ಬಂದಾಗ ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತು ಪೇಪರ್ ಓದುತ್ತಿದ್ದರು.

"ಮಾವ, ತಲೆ ಮೇಲೆ..."

"ಚಮಚ." ಅದು ಬೀಳದ ಹಾಗೆ ನಿಧಾನಕ್ಕೆ ತಿರುಗಿದರು. "ನಿನಗಿನ್ನೂ ಬಂದಿಲ್ವಾ? ನನಗೆ ಮೂರು ಕಡೆಯಿಂದ ಬಂತು. ಕಟಿಂಗ್ ಅಂಗಡಿ ಬೆಂಚಲ್ಲಿ ಸಾಲಾಗಿ ಇಟ್ಕೊಂಡು ಕೂತಿದಾರೆ. ಅವನಿಗೆ ಕತ್ತರಿ ಆಡಿಸೋಕೇ ಜಾಗ ಇಲ್ಲ."

"ನಿಮ್ಮ ನೆತ್ತಿ ನುಣುಪು. ಜಾರಲ್ವಾ?"

"ಹಿಡಿ ಬಗ್ಗಿಸಿದೀನಿ. ಲಿಫ್ಟಿಗೂ ಅಷ್ಟೇ, ಎದುರು ತೂಕ ಬೇಕು."

"ತಲೆಸುತ್ತು?"

"ಎಲ್ಲಿಯ ತಲೆಸುತ್ತು," ಎಂದು ಎದ್ದವರು ವಾಲಿದರು. ಸೊಸೆ ತೋಳು ಹಿಡಿದಳು. ಚಮಚ ಠಣ್ ಎಂದು ನೆಲಕ್ಕೆ ಬಿತ್ತು. ಕುರ್ಚಿಗೆ ಕೂರಿಸುವಷ್ಟರಲ್ಲಿ ಕಟ್ಟಿಟ್ಟುಕೊಂಡಿದ್ದ ತಮಾಷೆಯೆಲ್ಲ ಅವಳಿಗೆ ಮರೆತುಹೋಗಿತ್ತು. ಉಳಿದದ್ದು ದನಿಯೊಂದೇ.

"ನಾನು ನಿವೃತ್ತ ನರತಜ್ಞ ಮಾತಾಡ್ತಿದೀನಿ," ಎಂದಳು.

ಮಾವ ಫೋನು ನೋಡಿದರು. ಅದು ಆರಿತ್ತು. ಸೊಸೆಯನ್ನು ನೋಡಿದರು.

"ಆ ದನಿ ಹಿಂದೆ ಒಂದು ಹಾರನ್ ಕೇಳಿಸ್ತಿತ್ತಲ್ಲ?"

"ಬಸ್ಸು, ಮಾವ."

"ನಾನು ಆಂಬುಲೆನ್ಸ್ ಅಂದ್ಕೊಂಡೆ." ಫೋನು ಕೈಗೆತ್ತಿಕೊಂಡರು. "ಯಾರಿಗೆ ಕಳಿಸಿದ್ದೆ?"

"ನಿಮ್ಮ ತಂಗಿಗೆ. ಅಷ್ಟೇ."

ಮಾವ ತಂಗಿಗೆ ಫೋನು ಹಚ್ಚಿ, ಸೊಸೆಗೂ ಕೇಳಿಸುವಂತೆ ಹಿಡಿದರು. "ಚಮಚ ಇಟ್ಟು ನೋಡಿದ್ಯೇನೇ?"

"ಇಲ್ಲಣ್ಣ. ಕೇಳಿದೆ, ನಿನಗೂ ಬೀಗರಿಗೂ ಕಳಿಸಿದೆ. ಬೀಗರು ಕಟಿಂಗ್ ಅಂಗಡಿಯವನಿಗೆ ಕಳಿಸಿದ್ರಂತೆ."

"ಹಾಗಾದ್ರೆ ಆ ಮಾತ್ರೆ ವಿಷಯ ನಿನಗೆ ಯಾರು ಕಳಿಸಿದ್ದು?"

"ನೀನೇ ಅಲ್ವಾ?"

ಮಾವ ಫೋನನ್ನು ಮೆಲ್ಲಗೆ ಕೆಳಗಿಟ್ಟರು. "ಹೌದು. ಯಾವುದೋ ಗುಂಪಿನಲ್ಲಿ ಬಂದಿತ್ತು. ನಿಜಾನಾ ಅಂತ ಕೇಳೋಕೆ ಅವಳಿಗೆ ಕಳಿಸಿದ್ದೆ. ಕೇಳೋದು ಮರೆತೆ." ಚಮಚ ಎತ್ತಿಕೊಂಡು ಹಿಡಿಯನ್ನು ನೆಟ್ಟಗೆ ಮಾಡಲು ನೋಡಿದರು. ಆಗಲಿಲ್ಲ. "ಚಪ್ಪಲಿ ಕೊಡು. ನೋಡಿ ಹೇಳೋರ ಹತ್ರ ಹೋಗೋಣ."

ಡಾಕ್ಟರು ಇವರಿಗೆ ಹಳಬರು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮುಳ್ಳು ನೋಡಿದರು.

"ನೋಡಿದೆ. ಜಾಸ್ತಿ ಇದೆ. ಇವತ್ತಿಂದಲೇ ಮಾತ್ರೆ ಶುರು ಮಾಡಿ. ಬಿಡು ಅಂತ ಯಾವ ಪುಣ್ಯಾತ್ಮ ಹೇಳಿದ?"

"ಮೂರು ಜನ ಹೇಳಿದ್ರು ಡಾಕ್ಟ್ರೇ."

"ಅವರಿಗೆ ಯಾರು ಹೇಳಿದ್ದು?"

"ನಾನು," ಎಂದರು ಮಾವ.

ಡಾಕ್ಟರು ಸೊಸೆಯ ಮುಖ ನೋಡಿದರು. ಸೊಸೆ ನಗು ತಡೆದುಕೊಂಡು, ತನ್ನ ಬಸ್ ನಿಲ್ದಾಣದ ದನಿಯಲ್ಲಿ, "ದಯವಿಟ್ಟು ಗಮನಿಸಿ. ಹೊರಟ ಬಸ್ಸು ಹೊರಟಲ್ಲಿಗೇ ಬಂದು ಸೇರಿದೆ," ಎಂದಳು. ಡಾಕ್ಟರು ನಕ್ಕರು, ಅವಳೂ ನಕ್ಕಳು. ಆದರೆ ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದ್ದು ಮಾವನ ನಗು ಕೇಳಿ. ಮಾವ ಪಟ್ಟಿ ಸುತ್ತಿರದ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಸ್ವಲ್ಪ ಸುಮ್ಮನಿರಿ," ಎಂದರು ಡಾಕ್ಟರು. "ಇನ್ನೊಂದ್ಸಲ ನೋಡೋಣ ಅಂದ್ರೆ ಮುಳ್ಳು ನಿಲ್ತಿಲ್ಲ."