ಬಾಣಂತಿ ಕೋಣೆಯ ಕೆಂಡ

ಸೌದೆ ಉಳಿಸುವುದರಲ್ಲಿ ನನ್ನನ್ನು ಮೀರಿಸಿದವರು ಬೆಟ್ಟದಪುರದ ಸುತ್ತಮುತ್ತ ಯಾರೂ ಇರಲಿಲ್ಲ. ಜಂಬ ಅನ್ನಿ, ಏನಾದರೂ ಅನ್ನಿ. ಯುದ್ಧದ ಕಾಲ ಅದು. ಸೀಮೆಎಣ್ಣೆ ಕಣ್ಣಿಗೆ ಬೀಳುತ್ತಿರಲಿಲ್ಲ. ಕಡಿದ ಮರವೆಲ್ಲ ಗಾಡಿಗಟ್ಟಲೆ ಹೊಗೆಸೊಪ್ಪಿನ ಬ್ಯಾರನ್ನು ಗೂಡುಗಳಿಗೆ ಹೋಗುತ್ತಿತ್ತು. ಕಾಡಿಗೆ ಕೈ ಹಾಕಿದರೆ ಗಾರ್ಡು ಕೊಡಲಿ ಕಿತ್ತುಕೊಳ್ಳುತ್ತಿದ್ದ. ಹಾಳಾದ ಆ ಸೊಪ್ಪು ಒಣಗಿಸುವುದಕ್ಕೆ ಹಗಲೂ ರಾತ್ರಿ ಬೆಂಕಿ, ಮನುಷ್ಯರ ಒಲೆಗೆ ಪುಳ್ಳೆಯೂ ಇಲ್ಲ.

ಅಂಥ ವರ್ಷವೇ ಮಗಳು ಕೆಂಪಾಜಿ ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಮಗು ಹುಟ್ಟಿತು. ಬಾಣಂತಿ ಕೋಣೆಯಲ್ಲಿ ಬೆಂಕಿ ಆರಬಾರದಲ್ಲ, ಇದ್ದ ಸೌದೆಯೆಲ್ಲ ಅಲ್ಲಿಗೇ ಆಯಿತು. ಮಗುವಿಗೆ ಇಪ್ಪತ್ತೆರಡು ದಿನವಾದಾಗ ಮಾಲಯದ ಅಮಾವಾಸ್ಯೆ ಬಂತು, ಹಿರಿಯರ ಹಬ್ಬ. ಹಿತ್ತಲಲ್ಲಿ ಉಳಿದಿದ್ದು ಒಂದೇ ಹೊರೆ. ಅಡುಗೆಗೆ ಉರಿಸಿದರೆ ಬಾಣಂತಿಗಿಲ್ಲ, ಬಾಣಂತಿಗೆ ಇಟ್ಟರೆ ಹಿರಿಯರಿಗೆ ಎಡೆಯಿಲ್ಲ. ಹೊರಗೆ ಬಿಡದೆ ಸೋನೆ. ಬಾಣಂತನದಲ್ಲಿ ಶೀತ ಹಿಡಿದು, ಸನ್ನಿಯಾಗಿ, ನನ್ನ ಅಕ್ಕ ಸತ್ತದ್ದನ್ನು ಕಣ್ಣಾರೆ ಕಂಡವಳು ನಾನು. ಮಗಳಿಗೆ ಹಾಗಾಗಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

"ಈ ಸಲ ಎಡೆ ಚಿಕ್ಕದಾಗೇ ಇಕ್ಕಾನ ಬುಡು," ಅಂದ ನನ್ನ ಗಂಡ ಮರಿಯಯ್ಯ.

"ಸತ್ತೋರು ವರ್ಸಕ್ಕೊಂದ್ ದಿನ ಬತ್ತಾರೆ. ಸೌದೆ ಇಲ್ಲ ಅಂತ ಅವ್ರಿಗೆ ಹೇಳ್ತೀಯಾ ನೀನು? ನನ್ ಒಲೆ ನಾನ್ ನೋಡ್ಕತೀನಿ."

ನೋಡಿಕೊಂಡೆ. ಕಾಳನ್ನು ಹಿಂದಿನ ದಿನವೇ ನೆನೆಹಾಕಿದ್ದೆ. ಬಾಡು ಬೇಯುವ ಮಡಕೆಯ ಬಾಯಿಗೆ ಮುಚ್ಚಳದ ಬದಲು ನೀರಿನ ಪಾತ್ರೆ ಕೂರಿಸಿದೆ, ಅದೇ ಹಬೆಗೆ ನೀರೂ ಕಾಯಿತು. ಅನ್ನ ಮುಕ್ಕಾಲು ಬೆಂದದ್ದೇ ಇಳಿಸಿ, ಬತ್ತದ ಹುಲ್ಲು ತುಂಬಿದ ಕುಕ್ಕೆಯಲ್ಲಿ ಹೂತು ಮೇಲೆ ಕಂಬಳಿ ಹೊದಿಸಿದೆ. ತನ್ನ ಕಾವಿಗೆ ತಾನೇ ಬೆಂದು ಅರಳಿತು. ಕಜ್ಜಾಯವನ್ನೂ ಸೇರಿಸಿ ಅರ್ಧ ಹೊರೆಯಲ್ಲಿ ಹಬ್ಬ ಮುಗಿಸಿದೆ. ಜನ್ಮದಲ್ಲಿ ಯಾರನ್ನೂ ಹೊಗಳದ ಮೈದುನ ಮುದ್ದಯ್ಯ, "ಅತ್ಗೆ, ನೀನು ದಿವಾನ್ರ ಕಚೇರೀಲಿ ಇರ್ಬೇಕಿತ್ತು ಕಣವ್ವ," ಅಂದ. ನಾನು ಉಬ್ಬಿಹೋದೆ.

ಒಲೆಯ ತುಂಬ ನಿಗಿನಿಗಿ ಕೆಂಡ ಉಳಿದಿತ್ತು. ಬೇರೆ ದಿನವಾದರೆ ನೀರು ಚಿಮುಕಿಸಿ, ಇದ್ದಲು ಮಾಡಿ ಎತ್ತಿಡುತ್ತಿದ್ದೆ. ಅಂದು ಬಾಣಂತಿ ಕೋಣೆಯಲ್ಲಿ ಉರಿಯುತ್ತಿದ್ದ ಸೌದೆಯನ್ನು ನಂದಿಸಿ, ಕೆಂಡವನ್ನೆಲ್ಲ ದೊಡ್ಡ ಬಾಣಲೆಗೆ ತುಂಬಿ, ಮೇಲೆ ಹಳೆಯ ಇದ್ದಲು ಸುರಿದು ಮಗಳ ಹಾಸಿಗೆಯ ಪಕ್ಕ ಇಟ್ಟೆ. ಹೊಗೆಯ ಎಳೆಯೂ ಏಳಲಿಲ್ಲ. ಮೂರು ವಾರದಿಂದ ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಕೂತಿದ್ದ ಹುಡುಗಿ, "ಇದು ಸುಖ ಕಣವ್ವ," ಅಂದಳು. ಕಾವೆಲ್ಲ ಹೊರಗೆ ಹೋದರೆ ಉಳಿಸಿ ಏನು ಬಂತು ಅಂತ ಬೆಳಕಿಂಡಿಗೆ ಗೋಣಿಚೀಲ ತುರುಕಿದೆ. ಬಾಗಿಲು ಗಾಳಿಗೆ ತೆರೆದುಕೊಳ್ಳುತ್ತಿತ್ತು, ಹೊರಗಿನಿಂದ ಚಿಲಕ ಹಾಕಿದೆ. ಹೊಗೆಯಿಲ್ಲದ ಕೆಂಡವೂ ಉಸಿರು ಕಟ್ಟಿಸುತ್ತದೆ ಅಂತ ನನಗೆ ಯಾರು ಹೇಳಿದ್ದರು?

ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಎಡೆ ಇಟ್ಟೆವು. ಇಟ್ಟ ಮೇಲೆ ಮನೆಯವರು ಹೊರಗೆ ಹೋಗಿ ತಲೆಬಾಗಿಲು ಎಳೆದುಕೊಳ್ಳಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿದವರು ನೋಡಬಾರದು. ಬಾಣಂತಿಯನ್ನು ಆ ಶೀತಕ್ಕೆ ಹೊರಗೆ ಕೂರಿಸುವುದುಂಟೆ? ಅವಳು ಮಗುವಿನ ಜೊತೆ ಕೋಣೆಯಲ್ಲೇ ಉಳಿದಳು. ನಾವು ಮೂವರು ಜಗಲಿಯಲ್ಲಿ ಕೂತೆವು. ಬೇರೆ ವರ್ಷ ಒಂದು ಸಲ ಎಲೆಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಕಾಯುತ್ತಿದ್ದೆವು. ಈ ಸಲ ಅಷ್ಟು ಕಷ್ಟಪಟ್ಟು ಮಾಡಿದ ಅಡುಗೆ, ನಿಧಾನಕ್ಕೆ ಉಣ್ಣಲಿ ಅಂತ ನಾನೇ ತಡ ಮಾಡಿಸಿದೆ.

ಒಳಗಿಂದ "ಅವ್ವಾ" ಅಂತ ಕೇಳಿಸಿತು. ಮೂವರಿಗೂ ಕೇಳಿಸಿತು.

ಗಂಡ ಎದ್ದ. "ಕೆಂಪಾಜಿ ಕರೀತಾವ್ಳೆ. ನೋಡ್ಕಬತ್ತೀನಿ."

"ಉಣ್ಣೋರ ಮುಂದೆ ಬಾಗ್ಲು ತೆಗೆದ್ರೆ ಎದ್ದೋಗ್ಬುಡ್ತಾರೆ. ಮಗೀನ ಬಟ್ಟೆ ಒದ್ದೆ ಆಗಿರ್ತದೆ, ಅಷ್ಟೆಯ. ಕೂತ್ಕೊ ಸುಮ್ಕೆ."

ಕೂತ. ನನ್ನ ಮಾತು ಮೀರುವವನಲ್ಲ, ಪಾಪ. ಇನ್ನೊಂದು ಸಲ ಕರೆದಳು, ಸಣ್ಣಗೆ. ಆಮೇಲೆ ಬಾಗಿಲಿಗೆ ಏನೋ ತಟ್ಟಿದ ಸದ್ದು. ಮುದ್ದಯ್ಯ, "ಹಿರೀಕರು ಬಂದವ್ರೆ," ಅಂತ ಕೈ ಮುಗಿದ. ನಾನೂ ಮುಗಿದೆ. ಆಗಲೇ ನನ್ನ ಕೈ ಸೇದಿಹೋಗಬಾರದಿತ್ತೆ.

ಒಳಗೆ ಹೋದಾಗ ಎಡೆ ಇಟ್ಟ ಹಾಗೇ ಇತ್ತು. ಕೋಣೆಯ ಚಿಲಕ ತೆಗೆದರೆ ಬಾಗಿಲು ಸರಿಯಲಿಲ್ಲ. ಗಂಡ ಸಂದಿಯಲ್ಲಿ ಕೈ ತೂರಿಸಿ ಅಡ್ಡ ಇದ್ದದ್ದನ್ನು ಮೆಲ್ಲಗೆ ಸರಿಸಿದ. ಮಗುವಿನ ಮುಖವನ್ನು ಹೊಸ್ತಿಲ ಸಂದಿಗೆ ಹಿಡಿದು ಮಲಗಿಸಿದ್ದಳು, ತಾನು ಅದರ ಹಿಂದೆ ಬಿದ್ದಿದ್ದಳು. ಜಗಲಿಗೆ ತಂದ ಮೇಲೆ ಮಗು ಬಿಕ್ಕಿ ಬಿಕ್ಕಿ ಅತ್ತಿತು. ಅವಳು ಏಳಲಿಲ್ಲ. ಹತ್ತೊಂಬತ್ತು ತುಂಬಿರಲಿಲ್ಲ ನನ್ನ ಕಂದನಿಗೆ. ಮೈ ಇನ್ನೂ ಬೆಚ್ಚಗಿತ್ತು.

ಸುದ್ದಿ ಮುಟ್ಟಿ, ಮರುದಿನ ಅಳಿಯ ಬೆಟ್ಟಸ್ವಾಮಿ ಪಿರಿಯಾಪಟ್ಟಣದಿಂದ ಬಂದ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ಒಂದೇ ಮಾತು ಕೇಳಿದ.

"ಕೂಗಿದ್ಲಾ ಅತ್ತೆ?"

ಗಂಡ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಮುದ್ದಯ್ಯ ಎದ್ದು ಹೊರಗೆ ಹೋದ.

"ಇಲ್ಲ ಕಣಪ್ಪ," ಅಂದೆ. "ನಿದ್ದೇಲೇ ಹೋಗ್ಬುಟ್ಲು."

ಪುಣ್ಯಾತ್ಮ, ನಂಬಿದ. ಅಷ್ಟಾದರೂ ನೋವಿಲ್ಲದೆ ಹೋದಳಲ್ಲ ಅಂತ ನನ್ನ ಕೈ ಹಿಡಿದುಕೊಂಡು ಅತ್ತ.