ಕೈಗವಸಿನ ಅಳತೆ

ಟೈಲರ್‌ನ ಹೆಂಡತಿ ಬೀರುವಿನ ಬಟ್ಟೆಗಳ ಅಡಿ ತಡಕಾಡಿ ಒಂದು ಜೊತೆ ಹೊಸ ಬಿಳಿ ಕೈಗವಸು ಹೊರತೆಗೆದಳು. ಮಂಚದ ಮೇಲೆ ಟೈಲರ್ ಮಲಗಿದ್ದ. ಬೆಳಿಗ್ಗೆ ಎದೆನೋವು ಎಂದಿದ್ದ. ಹದಿಮೂರು ವರ್ಷದಿಂದ ಎದೆಮೂಳೆ ನೋವು ಎನ್ನುತ್ತಲೇ ಬಂದವನು. ಇವತ್ತಿನದು ಹೃದಯದ್ದು ಎಂದು ಯಾರಿಗೆ ಹೊಳೆಯಬೇಕು? ಬಿಸಿನೀರಿನ ಚೀಲ ಕೊಟ್ಟು ಅವಳು ಬಟ್ಟೆ ಒಗೆಯಲು ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಗಂಡನ ಅಣ್ಣ ಹೊಸ್ತಿಲಾಚೆಯೇ ನಿಂತಿದ್ದರು. "ಹಳೇ ಗ್ಲೌಸ್ ತೆಗೆದು ಅದನ್ನ ಹಾಕಮ್ಮ. ಜನ ಬರೋ ಹೊತ್ತು, ಆ ಕೈ ಕಾಣಬಾರದು."

"ಅದು ಅಂಟುರೋಗ ಅಲ್ಲ ಭಾವ."

"ಗೊತ್ತು ಕಣಮ್ಮ. ಆದ್ರೆ ಬಂದೋರ ಬಾಯಿಗೆ ಬೀಗ ಹಾಕೋಕಾಗುತ್ತಾ?"

ಭಾವನ ಹೆಂಡತಿ ಹಿಂದಿನಿಂದ ಹೇಳಿದಳು: "ನೀನೇ ಹಾಕಿಬಿಡು. ನಿನಗೆ ಅಭ್ಯಾಸ ಇದೆ."

ಅಭ್ಯಾಸ ಎಲ್ಲಿಂದ ಬರಬೇಕು? ಅವಳು ಆ ಕೈ ಮುಟ್ಟಿಯೇ ಹದಿಮೂರು ವರ್ಷವಾಗಿತ್ತು.

*

ರೋಗ ಶುರುವಾದಾಗ ಅವನ ಅಂಗೈ ತುಂಬ ಕೀವುಗುಳ್ಳೆ, ಎದೆಯ ಮೂಳೆಗಳಲ್ಲಿ ಊತ. ಮೂರು ವರ್ಷ ಕಂಡಕಂಡ ಔಷಧ ನುಂಗಿದ ಮೇಲೆ ಒಬ್ಬ ಡಾಕ್ಟರಮ್ಮ ರೋಗ ಹಿಡಿದಿದ್ದರು.

"ಕೀವಿನಲ್ಲಿ ಒಂದು ಕ್ರಿಮಿಯೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಕಾಯಬೇಕಾದ ಶಕ್ತಿಯೇ ಇವರ ಮೂಳೆ, ಚರ್ಮದ ಮೇಲೆ ಬಿದ್ದಿದೆ. ಯಾರಿಗೂ ಅಂಟಲ್ಲ. ಧೈರ್ಯವಾಗಿ ಮುಟ್ಟಿ."

ಅವಳು ತಲೆಯಾಡಿಸಿದ್ದಳು. ಬರುವ ದಾರಿಯಲ್ಲೇ ಎರಡು ಮೀಟರ್ ಬಿಳಿ ಬಟ್ಟೆ ಕೊಂಡಿದ್ದಳು.

"ಕೈಗೊಂದು ಗ್ಲೌಸ್ ಹೊಲ್ಕೊಳ್ಳಿ."

"ನಿನಗೂ ಭಯಾನಾ?"

"ನನಗಲ್ಲ ರೀ. ಗಿರಾಕಿಗಳು ಏನಂದ್ಕೋತಾರೆ ಅಂತ."

ಅವನು ಬಟ್ಟೆಯ ಮೇಲೆ ತನ್ನದೇ ಕೈಯಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದ.

*

ಕಣ್ಣು ಅರೆಮುಚ್ಚಿ ಅವಳು ಹಳೆಯ ಕೈಗವಸು ಎಳೆದಳು. ಕಣ್ಣು ತೆರೆದಾಗ ಅವಳ ಕೈ ನಿಂತುಹೋಯಿತು. ಅಂಗೈಯಲ್ಲಿ ಒಂದೇ ಒಂದು ಗುಳ್ಳೆಯಿಲ್ಲ, ಎಲ್ಲರ ಅಂಗೈಯಂತೆಯೇ ಇದೆ.

ಅಷ್ಟರಲ್ಲಿ ಟೈಲರ್ ಅಂಗಡಿಯ ಪಕ್ಕದ ಇಸ್ತ್ರಿಯವನು ಒಳಗೆ ಬಂದ. ಯಾರನ್ನೂ ಕೇಳದೆ ಮಂಚದ ಬಳಿ ಕೂತು ಆ ಬರಿಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡ.

"ಕೈ... ಯಾವಾಗ ವಾಸಿಯಾಯ್ತು?" ಎಂದಳು ಅವಳು.

"ನಾಲ್ಕು ವರ್ಷ ಆಯ್ತಲ್ಲಮ್ಮ. ಮೂಳೆ ನೋವೊಂದು ಬಿಡಲಿಲ್ಲ."

"ಮತ್ತೆ ಗ್ಲೌಸು?"

"ಅಂಗಡೀಲಿ ಯಾವತ್ತೂ ಹಾಕಿದವರಲ್ಲ. ಗುಳ್ಳೆ ಇದ್ದಾಗಲೂ ಗಿರಾಕಿಗಳು ಬರ್ತಾನೇ ಇದ್ರು. ಮನೆಗೆ ಹೊರಡುವಾಗ ಶಟರ್ ಎಳೆದು ಹಾಕ್ಕೊಳ್ತಿದ್ರು." ಅವನು ತಲೆಯೆತ್ತಿ ನೋಡಿದ. "ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು," ಎಂದಳು. ಇನ್ನೊಂದು ಕೈಗವಸನ್ನೂ ಕಳಚಿ, ಎರಡು ಅಂಗೈಗಳನ್ನೂ ಎಲ್ಲರಿಗೂ ಕಾಣುವಂತೆ ಮೇಲ್ಮುಖವಾಗಿ ಇಟ್ಟಳು.

ಬಂದವರು ನೋಡಿದರು. ಮುಖ ನೋಡಿದರು, ಅಂಗೈ ನೋಡಿದರು, ಕೈಕಟ್ಟಿ ದೂರ ನಿಂತರು.

ಎತ್ತುವ ಹೊತ್ತಾಯಿತು. ಹೊಸ ಜೋಡಿ ಮಂಚದ ಅಂಚಿನಲ್ಲೇ ಉಳಿದಿತ್ತು. ಭಾವ ಅದನ್ನು ತೆಗೆದು ತಮ್ಮ ಕೈಗೆ ಏರಿಸಿಕೊಂಡು, ಹೆಣ ಹಿಡಿಯಲು ಬಗ್ಗಿದರು. ಅಣ್ಣ ತಮ್ಮಂದಿರ ಕೈ ಒಂದೇ ಅಳತೆಯದು. ಒಂದು ಬೆರಳಿನಲ್ಲೂ ಸುಕ್ಕು ಬೀಳಲಿಲ್ಲ.